ಓಹಾಯೋ ದಂಡೆಯಲ್ಲಿ ಒಂಬತ್ತು ದಿನ: ಡರ್ಬಿ ಸಿಟಿ ಕ್ಲಾಸಿಕ್

ಗುರುವಾರ: ತಲುಪುವ ದಿನ

ಬೆಂಗಳೂರಿನಿಂದ ಲೂಯಿವಿಲ್‌ಗೆ ನೇರ ವಿಮಾನವಿಲ್ಲ. ಯುರೋಪಿನಲ್ಲೋ ಕೊಲ್ಲಿಯಲ್ಲೋ ಒಮ್ಮೆ, ಷಿಕಾಗೊ, ಅಟ್ಲಾಂಟಾ ಅಥವಾ ನ್ಯೂಯಾರ್ಕ್‌ನಲ್ಲಿ ಇನ್ನೊಮ್ಮೆ ಇಳಿದು ಹತ್ತಿ ಕೆಂಟಕಿಯ ಈ ಊರನ್ನು ಸೇರಬೇಕು. ಚರ್ಚಿಲ್ ಡೌನ್ಸ್‌ನಲ್ಲಿ ನಡೆಯುವ ಕೆಂಟಕಿ ಡರ್ಬಿ ಕುದುರೆ ಓಟದಿಂದ ಊರಿಗೆ ಡರ್ಬಿ ಸಿಟಿ ಎಂಬ ಅಡ್ಡಹೆಸರು ಬಿದ್ದಿದೆ. ಡರ್ಬಿ ಸಿಟಿ ಕ್ಲಾಸಿಕ್ ಎಂಬ ಪೂಲ್ ಪಂದ್ಯಾವಳಿಯ ಹೆಸರೂ ಅಲ್ಲಿಂದಲೇ ಬಂದದ್ದು. ಆದರೆ ಆಟ ನಡೆಯುವುದು ಈಗ ಕೆಂಟಕಿಯಲ್ಲಿ ಅಲ್ಲ. 1999ರಲ್ಲಿ ಡೈಮಂಡ್ ಎಂಬ ಹೆಸರಿನ ಪೂಲ್ ಟೇಬಲ್‌ಗಳ ತಯಾರಕ ಗ್ರೆಗ್ ಸಲಿವನ್ ಇದನ್ನು ಶುರು ಮಾಡಿದಾಗ ಲೂಯಿವಿಲ್‌ನ ಎಕ್ಸಿಕ್ಯುಟಿವ್ ವೆಸ್ಟ್ ಹೋಟೆಲಿನಲ್ಲಿತ್ತು. ಆಮೇಲೆ ಓಹಾಯೋ ನದಿ ದಾಟಿ ಇಂಡಿಯಾನಾದ ಎಲಿಜಬೆತ್ ಎಂಬ ಪುಟ್ಟ ಊರಿನ ಬಳಿಯ ಕ್ಯಾಸಿನೊಗೆ ಹೋಯಿತು. ಹಿಂದೆ ಹಾರ್ಸ್‌ಶೂ ಎನಿಸಿಕೊಂಡಿದ್ದ ಆ ಜಾಗಕ್ಕೆ ಈಗಿನ ಹೆಸರು ಸೀಸರ್ಸ್ ಸದರ್ನ್ ಇಂಡಿಯಾನಾ.

ವಿಮಾನ ನಿಲ್ದಾಣದಿಂದ ಐ-64 ಹಿಡಿದು ಪಶ್ಚಿಮಕ್ಕೆ ಹೋಗಿ, ಶೆರ್ಮನ್ ಮಿಂಟನ್ ಸೇತುವೆ ದಾಟಿ ನ್ಯೂ ಆಲ್ಬನಿಯಲ್ಲಿ ಇಳಿದರೆ, ಅಲ್ಲಿಂದ ನದಿಯ ಪಕ್ಕದಲ್ಲೇ ದಕ್ಷಿಣಕ್ಕೆ ಓಡುವ ಇಂಡಿಯಾನಾ 111ನೇ ರಸ್ತೆ. ಈ ಸೇತುವೆಗೆ ಟೋಲ್ ಇಲ್ಲ, ಐ-65ರ ಸೇತುವೆಗಳಿಗೆ ಇದೆ. ಒಟ್ಟು ಸುಮಾರು ಅರ್ಧ ಗಂಟೆಯ ದಾರಿ. ಜನವರಿಯ ಕೊನೆಯಾದ್ದರಿಂದ ರಾತ್ರಿ ನದಿ ರಸ್ತೆಯ ಮೇಲೆ ಕಣ್ಣಿಗೆ ಕಾಣದ ತೆಳು ಐಸ್ ಕೂರುತ್ತದೆ. ದುಡ್ಡು ಉಳಿಸಲು ನ್ಯೂ ಆಲ್ಬನಿಯಲ್ಲಿ ರೂಮು ಹಿಡಿದವರು ಬೆಳಗಿನ ಜಾವ ಪಂದ್ಯ ಮುಗಿಸಿ ಇದೇ ರಸ್ತೆಯಲ್ಲಿ ಕಾರು ಓಡಿಸಬೇಕಾಗುತ್ತದೆ. ಆಡಲು ಬಂದವರು ಕ್ಯಾಸಿನೊ ಹೋಟೆಲಿನಲ್ಲೇ ಉಳಿಯುವುದು ಲೇಸು, ನೋಡಲು ಬಂದವರಿಗೆ ಹೊರಗಿನ ರೂಮು ಸಾಕು.

ಇನ್ನು ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲಿನ ವಿಚಾರ. ಅಮೆರಿಕದ ವಿಮಾನ ಭದ್ರತಾ ನಿಯಮದಂತೆ ಕ್ಯೂವನ್ನು ಕೈಚೀಲದ ಜೊತೆ ಒಳಗೆ ಒಯ್ಯುವಂತಿಲ್ಲ, ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು. 58 ಇಂಚಿನ ಎರಡು ತುಂಡಿನ ಕ್ಯೂ ಬಿಚ್ಚಿದರೆ 29 ಇಂಚು. ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಕೂರುತ್ತದೆ. ಗಟ್ಟಿ ಕೇಸ್ ಇರಲಿ, ಎರಡೂ ಕೀಲುಗಳಿಗೆ ಮುಚ್ಚಳ ಇರಲಿ. ತಲುಪಿದ ಮೇಲೆ ಕ್ಯೂವನ್ನು ಕಾರಿನ ಡಿಕ್ಕಿಯಲ್ಲಿ ಬಿಡುವವರು ಪ್ರತಿ ವರ್ಷ ಸಿಗುತ್ತಾರೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ರಾತ್ರಿಯಿಡೀ ಇದ್ದು, ಬೆಳಗ್ಗೆ ಹೀಟರಿನ ಒಣ ಗಾಳಿಗೆ ಬಂದ ಮೇಪಲ್ ಮರ ಬಾಗದಿದ್ದರೆ ಅದೃಷ್ಟ.

ಸಂಜೆ ಒಂದು ಟೇಬಲ್ ಸಿಕ್ಕರೆ ಚೆಂಡನ್ನು ಪಾಕೆಟ್ಟಿಗೆ ಹಾಕುತ್ತ ಕೂರಬೇಡಿ, ರೈಲ್ ಅಂದರೆ ಟೇಬಲಿನ ಅಂಚು ಚೆಂಡನ್ನು ಹೇಗೆ ವಾಪಸ್ ಕಳಿಸುತ್ತದೆ ಅಂತ ಅಳೆಯಿರಿ. ಹೊಸ ಬಟ್ಟೆಯ ಮೇಲೆ ಚೆಂಡು ಜಾರುತ್ತದೆ, ರೈಲ್‌ನ ರಬ್ಬರ್ ಕುಷನ್‌ನಿಂದ ಅಗಲವಾಗಿ ಹೊರಬರುತ್ತದೆ. ದಿನ ಕಳೆದಂತೆ ಚಾಕ್ ಪುಡಿ, ಕೈ ಬೆವರು, ಜನಸಂದಣಿಯ ತೇವ ಎಲ್ಲ ಸೇರಿ ಬಟ್ಟೆ ಹಿಡಿಯತೊಡಗುತ್ತದೆ, ಅದೇ ಹೊಡೆತ ಮೊಟಕಾಗಿ ಬರುತ್ತದೆ. ಮೊದಲ ದಿನ ತಲೆಯಲ್ಲಿ ಬರೆದಿಟ್ಟುಕೊಂಡ ಲೆಕ್ಕ ಬುಧವಾರಕ್ಕೆ ಹಳಸಿರುತ್ತದೆ. ದಿನಕ್ಕೊಮ್ಮೆ ಮತ್ತೆ ಅಳೆಯಬೇಕು.

ಶುಕ್ರವಾರ: ಬ್ಯಾಂಕ್ಸ್ ಶುರು

ವಿಶ್ವ ಚಾಂಪಿಯನ್‌ಶಿಪ್‌ಗಳಿಗೆ ಅರ್ಹತೆ ಬೇಕು, ಆಹ್ವಾನ ಬೇಕು. ಇಲ್ಲಿ ಶುಲ್ಕ ಕಟ್ಟಿದರೆ ಸಾಕು. ಹಾಗಾಗಿ ಬಸವನಗುಡಿಯ ಕ್ಲಬ್ಬಿನಿಂದ ಬಂದವರ ಹೆಸರಿನ ಎದುರು ಫಿಲಿಪ್ಪೀನ್ಸ್‌ನ ದಿಗ್ಗಜರ ಹೆಸರು ಬೀಳಬಹುದು. ಬಿದ್ದರೆ ಅದನ್ನು ಶಿಕ್ಷೆ ಅಂದುಕೊಳ್ಳುವವರು ಕಡಿಮೆ.

ಆಟ ಮೂರು: ಒಂಬತ್ತು ಚೆಂಡಿನ ಬ್ಯಾಂಕ್ಸ್, ಒನ್ ಪಾಕೆಟ್, ನೈನ್-ಬಾಲ್. ಪ್ರತಿ ಆಟಕ್ಕೂ ಬೇರೆ ಶುಲ್ಕ. ಪದ್ಧತಿಯನ್ನು ಮೊದಲೇ ತಿಳಿದುಕೊಂಡಿರಬೇಕು, ಏಕೆಂದರೆ ಮಾಮೂಲಿ ಡಬಲ್ ಎಲಿಮಿನೇಷನ್‌ನಂತೆ ಗೆದ್ದವರ ಪಟ್ಟಿ, ಸೋತವರ ಪಟ್ಟಿ ಅಂತ ಇಲ್ಲಿ ಎರಡಿಲ್ಲ. ಒಮ್ಮೆ ಸೋತರೆ ಮತ್ತೆ ಹಣ ಕಟ್ಟಿ ಒಳಗೆ ಬರಬಹುದು, ಅದೇ ಬೈ-ಬ್ಯಾಕ್. ಎರಡನೇ ಸಲ ಸೋತರೆ ಮುಗಿಯಿತು. ಪ್ರತಿ ಸುತ್ತಿಗೂ ಎಲ್ಲರ ಹೆಸರು ಒಂದೇ ಡಬ್ಬಿಗೆ ಬಿದ್ದು ಹೊಸದಾಗಿ ಡ್ರಾ ಆಗುತ್ತದೆ. ಮುಂದಿನ ಎದುರಾಳಿ ಯಾರೆಂದು ಊಹಿಸಿ ತಯಾರಾಗುವ ದಾರಿಯೇ ಇಲ್ಲ. ಬಜೆಟ್ ಹಾಕುವಾಗ ಮೂರು ಶುಲ್ಕದ ಜೊತೆ ಮೂರು ಬೈ-ಬ್ಯಾಕ್ ಮೊತ್ತವನ್ನೂ ಎತ್ತಿಡಿ. ಎತ್ತಿಡದವರು ಮೊದಲ ಸೋಲಿನ ನಂತರ ಊಟದ ದುಡ್ಡಿಗೆ ಕೈ ಹಾಕುತ್ತಾರೆ.

ಇನ್ನು ಬ್ಯಾಂಕ್ಸ್. ಕೆಂಟಕಿ, ಟೆನ್ನೆಸ್ಸಿ ಕಡೆಯ ಹಳೇ ಆಟ ಇದು. 'ನಾಕ್ಸ್‌ವಿಲ್ ಬೇರ್' ಎಂದೇ ಹೆಸರಾದ ಎಡ್ಡಿ ಟೇಲರ್ ಈ ಸೀಮೆಯವರು. ನಿಯಮ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ: ಚೆಂಡು ಪಾಕೆಟ್ ಸೇರುವ ಮುನ್ನ ಕನಿಷ್ಠ ಒಂದು ಕುಷನ್ ಮುಟ್ಟಬೇಕು, ದಾರಿಯಲ್ಲಿ ಇನ್ನೊಂದು ಚೆಂಡಿಗೆ ತಾಗಬಾರದು, ಚೆಂಡನ್ನೂ ಪಾಕೆಟ್ಟನ್ನೂ ಮೊದಲೇ ಹೇಳಬೇಕು, ಐದು ಚೆಂಡು ಹಾಕಿದವರಿಗೆ ಗೇಮ್. ಮೂರು ಗೇಮ್ ಗೆದ್ದವರಿಗೆ ಪಂದ್ಯ. ಬ್ರೇಕ್‌ನಲ್ಲಿ, ಅಂದರೆ ಆಟ ಶುರು ಮಾಡುವ ಮೊದಲ ಹೊಡೆತದಲ್ಲಿ, ಬಿದ್ದದ್ದು ಲೆಕ್ಕಕ್ಕಿಲ್ಲ, ಟೇಬಲಿನ ಮೇಲಿನ ಸ್ಪಾಟ್ ಎಂಬ ಚುಕ್ಕೆಗೆ ವಾಪಸ್ ಬರುತ್ತದೆ. ಕುಷನ್‌ಗೆ ಅಂಟಿ ನಿಂತಿರುವ ಚೆಂಡಿಗೆ ಆ ಕುಷನ್ ಲೆಕ್ಕವಿಲ್ಲ, ಇನ್ನೊಂದನ್ನು ಮುಟ್ಟಬೇಕು. ಕೇರಂನಲ್ಲಿ ಬರೀ ರಿಬೌಂಡ್ ಹೊಡೆತಕ್ಕೆ ಮಾತ್ರ ಅಂಕ ಅಂದರೆ ಹೇಗಿರುತ್ತೋ ಹಾಗೆ.

ಒಂಬತ್ತು ಅಡಿಯ ಟೇಬಲಿನ ಆಟದ ಜಾಗ 100 ಇಂಚು ಉದ್ದ, 50 ಇಂಚು ಅಗಲ. ರೈಲ್ ಮೇಲಿನ ಗುರುತುಗಳ ನಡುವೆ 12.5 ಇಂಚು ಅಂತರ. ಒಂದು ಉದಾಹರಣೆ ನೋಡಿ. ಚೆಂಡು ಟೇಬಲಿನ ಅಗಲದ ನಟ್ಟನಡುವೆ, ಮಧ್ಯದ ಪಾಕೆಟ್ಟುಗಳ ಗೆರೆಯಿಂದ ಎರಡು ಗುರುತು ದೂರದಲ್ಲಿದೆ. ಎದುರಿನ ಕುಷನ್‌ಗೆ ಬಡಿದು ಈ ಬದಿಯ ಮಧ್ಯ ಪಾಕೆಟ್‌ಗೆ ಬರಬೇಕು. ಕುಷನ್‌ಗೆ 25 ಇಂಚು, ಅಲ್ಲಿಂದ ವಾಪಸ್ 50 ಇಂಚು, ಒಟ್ಟು 75ರಲ್ಲಿ ಮೂರನೇ ಒಂದು ಭಾಗ ಹೋಗುವಾಗ, ಎರಡು ಭಾಗ ಬರುವಾಗ. ಹಾಗಾಗಿ 25 ಇಂಚಿನ ಅಡ್ಡದೂರದಲ್ಲಿ ಮೂರನೇ ಒಂದು, ಅಂದರೆ ಸುಮಾರು 8 ಇಂಚು, ಗುರುತಿನ ಲೆಕ್ಕದಲ್ಲಿ ಮೂರನೇ ಎರಡು ಗುರುತಿನಷ್ಟು ಪಾಕೆಟ್ ಕಡೆಗೆ ಸರಿದು ಕುಷನ್ ಮುಟ್ಟಬೇಕು.

ಇದು ಕಾಗದದ ಉತ್ತರ. ಚೆಂಡು ಜಾರುತ್ತ ಕುಷನ್‌ಗೆ ಹೋದರೆ ಮಾತ್ರ ಹೋದ ಕೋನದ ಹತ್ತಿರದಲ್ಲೇ ವಾಪಸ್ ಬರುತ್ತದೆ. ಮೆಲ್ಲಗೆ ಹೊಡೆದು ಉರುಳಲು ಬಿಟ್ಟರೆ, ಆ ಉರುಳುವಿಕೆ ಕುಷನ್ ದಾಟಿದ ಮೇಲೂ ಉಳಿದು ದಾರಿಯನ್ನು ಅಗಲಿಸುತ್ತದೆ. ಜೋರಾಗಿ ಹೊಡೆದರೆ ರಬ್ಬರ್ ಆಳಕ್ಕೆ ಒತ್ತಿ ಚೆಂಡು ಮೊಟಕಾಗುತ್ತದೆ. ಕಟ್ ಕೋನದಿಂದ, ಅಂದರೆ ಓರೆಯಾಗಿ ತಾಗಿಸಿ, ಹೊಡೆದಾಗ ಉಜ್ಜುವಿಕೆಯಿಂದ ಚೆಂಡಿಗೆ ಸ್ವಲ್ಪ ಸೈಡ್, ಅಂದರೆ ಪಕ್ಕದ ತಿರುಗು, ಅಂಟುತ್ತದೆ, ಅದೂ ದಾರಿ ತಿರುಗಿಸುತ್ತದೆ. ಇಲ್ಲಿನ ಪಳಗಿದವರು ಯಾವಾಗಲೂ ಒಂದೇ ಬಗೆಯ ಬಿರುಸಿನಲ್ಲಿ ಹೊಡೆಯುವುದು ಶೋಕಿಗಲ್ಲ. ವೇಗ ಸ್ಥಿರವಾದರೆ ಲೆಕ್ಕದಿಂದ ಒಂದು ತಲೆನೋವು ಕಳೆಯುತ್ತದೆ, ಆಮೇಲೆ ಗುರಿಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿಕೊಂಡರೆ ಆಯಿತು.

ಶನಿವಾರ: ಕಿಸ್

ಬ್ಯಾಂಕ್ಸ್ ಎರಡನೇ ದಿನ ಹೊಸಬರು ಕಲಿಯುವ ಪಾಠ ಕಿಸ್. ಚೆಂಡು ಕುಷನ್‌ಗೆ ಹತ್ತಿರವಿದ್ದು ಕ್ಯೂ ಬಾಲ್ (ಕ್ಯೂನಿಂದ ಹೊಡೆಯುವ ಬಿಳಿ ಚೆಂಡು) ಅದರ ನೇರ ಹಿಂದಿದ್ದರೆ, ಕುಷನ್‌ನಿಂದ ವಾಪಸ್ ಬರುವ ಚೆಂಡು ಇನ್ನೂ ಅಲ್ಲೇ ನಿಂತಿರುವ ಕ್ಯೂ ಬಾಲ್‌ಗೆ ಬಡಿಯುತ್ತದೆ. ಪರಿಹಾರ ಎರಡು. ಸ್ವಲ್ಪ ತೆಳುವಾಗಿ ತಾಗಿಸಿ ಕ್ಯೂ ಬಾಲನ್ನು ಪಕ್ಕಕ್ಕೆ ಸರಿಸಿ, ಬದಲಾದ ಕೋನವನ್ನು ಸೈಡ್ ಕೊಟ್ಟು ತುಂಬಿಕೊಳ್ಳುವುದು ಒಂದು. ಎಳೆತ ಕೊಟ್ಟು ಕ್ಯೂ ಬಾಲನ್ನು ಹಿಂದಕ್ಕೆ ತರುವುದು ಇನ್ನೊಂದು. ಎರಡೂ ಆಗದಿದ್ದರೆ ಆ ಬ್ಯಾಂಕ್ ಇಲ್ಲ ಅಂತ ತಿಳಿದು ಸೇಫ್ಟಿ, ಅಂದರೆ ಎದುರಾಳಿಗೆ ಸುಲಭದ ಹೊಡೆತ ಬಿಡದ ರಕ್ಷಣೆಯ ಆಟ, ಆಡಿ. ಹಲವು ಸಲ ಬ್ಯಾಂಕ್ಸ್ ಪ್ರಶಸ್ತಿ ಗೆದ್ದ ಜಾನ್ ಬ್ರಮ್‌ಬ್ಯಾಕ್‌ನಂಥವರ ಆಟ ನೋಡುವಾಗ ಚೆಂಡು ಎಲ್ಲಿ ಹೋಯಿತು ಅಂತ ನೋಡುವುದಕ್ಕಿಂತ ಕ್ಯೂ ಬಾಲ್ ಎಷ್ಟು ಬೇಗ ದಾರಿ ಬಿಟ್ಟಿತು ಅಂತ ನೋಡಬೇಕು.

ಡೈಮಂಡ್ ಟೇಬಲಿನ ಮೂಲೆ ಪಾಕೆಟ್ ಬಾಯಿ 4.5 ಇಂಚು, ಅಂದರೆ 2.25 ಇಂಚಿನ ಎರಡು ಚೆಂಡು ಒತ್ತಾಗಿ ಕೂರುವಷ್ಟು. ಕಾಡುವುದು ಆ ಬಾಯಿಯ ಅಗಲಕ್ಕಿಂತ ಅದರ ಒಳಗಿನ ಶೆಲ್ಫ್ ಆಳ. ಸ್ಲೇಟು ಬಾಯಿಯಿಂದ ಒಳಕ್ಕೆ ಚಾಚಿಕೊಂಡಿರುವುದರಿಂದ ರೈಲ್ ಗುಂಟ ಬಿರುಸಾಗಿ ಬಂದ ಚೆಂಡು ಒಂದು ದವಡೆಗೆ ತಾಗಿ, ಇನ್ನೊಂದಕ್ಕೆ ಬಡಿದು, ಒಳಗೆ ಬೀಳದೆ ಬಾಯಲ್ಲೇ ಕೂರುತ್ತದೆ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಸ್ನೂಕರ್ ಕಲಿತು ಬಂದವರಿಗೆ ಇದು ಬೇಗ ಒಗ್ಗುತ್ತದೆ, ಅವರ ಪಾಕೆಟ್ ಇನ್ನೂ ಬಿಗಿ. ಅವರು ಎಡವುವುದು ಬೇರೆಡೆ. ಸ್ನೂಕರ್ ಚೆಂಡು 52.5 ಮಿ.ಮೀ., ಪೂಲ್ ಚೆಂಡು 57.15 ಮಿ.ಮೀ. ಮತ್ತು ಇನ್ನೂ ಭಾರ. 12 ಅಡಿಯ ಟೇಬಲಿಗೆ ಪಳಗಿದ ಕೈ ಇಲ್ಲಿ ಕ್ಯೂ ಬಾಲನ್ನು ಬೇಕಾದ್ದಕ್ಕಿಂತ ಒಂದೂವರೆ ಅಡಿ ಮುಂದೆ ಓಡಿಸುತ್ತದೆ.

ಭಾನುವಾರ: ಒನ್ ಪಾಕೆಟ್

ಬ್ಯಾಂಕ್ಸ್ ಇನ್ನೂ ಮುಗಿಯುವ ಮೊದಲೇ ಒನ್ ಪಾಕೆಟ್ ಸುತ್ತುಗಳು ಶುರುವಾಗುತ್ತವೆ. ಎರಡರಲ್ಲೂ ಉಳಿದವರು ಎರಡೂ ಪಟ್ಟಿ ನೋಡುತ್ತಿರಬೇಕು. ಒಂದು ಪಂದ್ಯ ಎಳೆಯುತ್ತಿದೆ ಅನ್ನಿಸಿದರೆ ಸಂಘಟಕರ ಮೇಜಿಗೆ ಮೊದಲೇ ಹೇಳಿ. ಹೇಳದೆ ಹೋಗಿ, ಹೆಸರು ಕೂಗಿದಾಗ ಇಲ್ಲದಿದ್ದರೆ ಆಡದೆಯೇ ಸೋತಂತೆ.

ಟಿವಿಯಲ್ಲಿ ನೈನ್-ಬಾಲ್ ಮಾತ್ರ ನೋಡಿದವರಿಗೆ ಒನ್ ಪಾಕೆಟ್ ಮೊದಲ ಅರ್ಧ ಗಂಟೆ ಬೇಸರ ಹಿಡಿಸುತ್ತದೆ. ಹದಿನೈದು ಚೆಂಡು. ಟೇಬಲಿನ ಬುಡದ, ಅಂದರೆ ಚೆಂಡು ಜೋಡಿಸುವ ತುದಿಯ, ಎರಡು ಮೂಲೆ ಪಾಕೆಟ್‌ಗಳಲ್ಲಿ ಒಂದು ನಿಮ್ಮದು, ಒಂದು ಎದುರಾಳಿಯದು. ಉಳಿದ ನಾಲ್ಕು ಯಾರದೂ ಅಲ್ಲ. ನಿಮ್ಮ ಪಾಕೆಟ್‌ಗೆ ಎಂಟು ಬಿದ್ದರೆ ಗೇಮ್, ಮೂರು ಗೇಮ್‌ಗೆ ಪಂದ್ಯ. ಫೌಲ್ ಆದರೆ ಹಾಕಿದ ಚೆಂಡಿನಲ್ಲಿ ಒಂದು ವಾಪಸ್ ಸ್ಪಾಟ್‌ಗೆ, ಹಾಕಿಲ್ಲದಿದ್ದರೆ ಸಾಲ. ಸತತ ಮೂರು ಫೌಲ್‌ಗೆ ಗೇಮ್ ಹೋಯಿತು. ಇಬ್ಬರು ಜಾಣರು ಕೂತರೆ ಒಂದೇ ಪಂದ್ಯ ಮೂರು ನಾಲ್ಕು ಗಂಟೆ ಎಳೆಯುತ್ತದೆ.

ಬ್ರೇಕ್‌ನಲ್ಲೇ ಅರ್ಧ ಆಟವಿದೆ. ರಾಶಿ ಒಡೆಯುವ ಹೊಡೆತವಲ್ಲ ಅದು. ನಿಮ್ಮ ಪಾಕೆಟ್ ಬಲಗಡೆಯದಾದರೆ ಕ್ಯೂ ಬಾಲನ್ನು ಎಡಭಾಗದಲ್ಲಿ ಇಟ್ಟು, ಮುಂದಿನ ಚೆಂಡನ್ನು ಬರೀ ಸವರಿ ಅದರ ಹಿಂದಿನದಕ್ಕೆ ತುಂಬಾಗಿ ತಾಗಿಸಿ, ಎಡ ಸೈಡ್ ಕೊಟ್ಟು ಹದವಾಗಿ ಹೊಡೆಯಬೇಕು. ಚೆಂಡುಗಳು ಬಲಕ್ಕೆ ವಾಲುತ್ತವೆ. ಕ್ಯೂ ಬಾಲ್ ಬುಡದ ರೈಲ್ ಮುಟ್ಟಿ ಎಡದ ಉದ್ದ ರೈಲ್‌ಗೆ ಹೋಗಿ ಅಂಟಿ ನಿಲ್ಲುತ್ತದೆ. ಎದುರಾಳಿಗೆ ಈಗ ನೇರ ಹೊಡೆತವಿಲ್ಲ, ನಿಮ್ಮ ಪಾಕೆಟ್ ಬಾಯಲ್ಲಿ ಎರಡು ಮೂರು ಚೆಂಡು ಕಾಯುತ್ತಿವೆ. ಕೆಡುವುದು ಒಂದೇ ಕಾರಣಕ್ಕೆ, ಮುಂದಿನ ಚೆಂಡಿಗೆ ತುಂಬಾಗಿ ತಾಗುವುದು. ಆಗ ಕ್ಯೂ ಬಾಲ್ ವೇಗ ಕಳೆದುಕೊಂಡು ಟೇಬಲ್ ನಡುವೆ ನಿಲ್ಲುತ್ತದೆ, ಎಡಕ್ಕೆ ಚೆದುರಿದ ಚೆಂಡು ಎದುರಾಳಿಗೆ ಉಡುಗೊರೆ.

ಅಲ್ಲಿಂದ ಮುಂದೆ ಆಟ ಚೆಂಡು ಹಾಕುವುದಕ್ಕಿಂತ ಹೆಚ್ಚಾಗಿ ಚೆಂಡು ತೆಗೆಯುವುದು. ಎದುರಾಳಿಯ ಬಾಯಲ್ಲಿ ನಿಂತದ್ದನ್ನು ಬೇಕೆಂದೇ ಸ್ಕ್ರ್ಯಾಚ್ ಮಾಡಿಯಾದರೂ, ಅಂದರೆ ಕ್ಯೂ ಬಾಲನ್ನೇ ಪಾಕೆಟ್‌ಗೆ ಬೀಳಿಸಿಯಾದರೂ, ತೆಗೆಯುತ್ತಾರೆ. ಒಂದು ಚೆಂಡಿನ ದಂಡ ಕೊಟ್ಟು ನಾಲ್ಕು ಚೆಂಡಿನ ಓಟ ತಪ್ಪಿಸುವ ಲೆಕ್ಕ ಅದು. ಮುಂದಿರುವವರು ಚೆಂಡುಗಳನ್ನು ಟೇಬಲಿನ ತಲೆಯ ಕಡೆಗೆ ತಳ್ಳುತ್ತಾರೆ. ಅಲ್ಲಿಂದ ಬುಡದ ಪಾಕೆಟ್‌ಗೆ ಬ್ಯಾಂಕ್ ಬಿಟ್ಟರೆ ಗತಿಯಿಲ್ಲ, ಹಿಂದಿರುವವರು ಅಪಾಯ ತೆಗೆದುಕೊಳ್ಳಲೇಬೇಕಾಗುತ್ತದೆ. ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ ಈ ಪಂದ್ಯಾವಳಿಯಲ್ಲಿ ಹಲವು ಸಲ ಗೆದ್ದದ್ದು ಈ ಆಟದಲ್ಲೇ. ಕ್ಯೂ ಬಾಲ್ ಮೊದಲು ಕುಷನ್ ಮುಟ್ಟಿ ಆಮೇಲೆ ಚೆಂಡಿಗೆ ತಾಗುವ ಕಿಕ್ ಹೊಡೆತವನ್ನು ಅವರು ರಕ್ಷಣೆಗೂ ದಾಳಿಗೂ ಒಟ್ಟಿಗೇ ಬಳಸಿದರು.

ಸೋಮವಾರ

ಒನ್ ಪಾಕೆಟ್ ಮುಂದುವರಿಯುತ್ತದೆ. ಹೊಸದಾಗಿ ಹೇಳುವುದು ಕಡಿಮೆ, ಆದರೆ ದೇಹ ಸೋಲುವುದು ಇವತ್ತು. ಇಂಡಿಯಾನಾದ ಈ ಭಾಗ ಜನವರಿಯಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಎರಡಾದಾಗ ಊರಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಭಾರತದಿಂದ ಬಂದವರಿಗೆ ಮೊದಲ ನಾಲ್ಕೈದು ದಿನ ಇದು ಲಾಭವೇ, ನಡುರಾತ್ರಿಯ ಪಂದ್ಯದಲ್ಲಿ ಅಮೆರಿಕದವರು ತೂಕಡಿಸುವಾಗ ಇವರ ಕಣ್ಣು ನಿಚ್ಚಳ. ಇಲ್ಲಿನ ಹಗಲಿಗೆ ಒಗ್ಗಿಕೊಳ್ಳಲು ಹಟ ಹಿಡಿಯುವುದು ದಡ್ಡತನ. ಮಧ್ಯಾಹ್ನ ಮಲಗಿ, ರಾತ್ರಿ ಆಡಿ.

ಊಟ ಕ್ಯಾಸಿನೊದ್ದೇ. ಸಸ್ಯಾಹಾರಿಗಳಿಗೆ ಹಗಲು ಹೇಗೋ ನಡೆಯುತ್ತದೆ, ತಡರಾತ್ರಿ ಪಿಜ್ಜಾ ಮತ್ತು ಕಾಫಿ. ಅವಲಕ್ಕಿ, ಚಟ್ನಿಪುಡಿ ತಂದವರು ಜಾಣರು. ಇಂಡಿಯಾನಾದ ಧೂಮಪಾನ ನಿಷೇಧ ಕಾನೂನಿನಿಂದ ಕ್ಯಾಸಿನೊಗಳಿಗೆ ವಿನಾಯಿತಿ ಇದೆ, ಹೊಗೆ ಆಗದವರು ಗೇಮಿಂಗ್ ಜಾಗದ ಮೂಲಕ ಹಾಯುವ ದಾರಿ ಬಿಡಬೇಕು. 21 ತುಂಬದವರಿಗೆ ಆ ಜಾಗಕ್ಕೆ ಪ್ರವೇಶವೂ ಇಲ್ಲ.

ಮಂಗಳವಾರ: ಪಕ್ಕದ ಕೋಣೆಗಳು

ಮುಖ್ಯ ಮೂರು ಆಟಗಳ ಸುತ್ತ ಸಣ್ಣ ಸಂತೆಯೇ ಇರುತ್ತದೆ. ಪೂಲ್ ಬರಹಗಾರ ಜಾರ್ಜ್ ಫೆಲ್ಸ್ ನೆನಪಿನ, 14.1 ಎಂಬ ಆಟದ ಚಾಲೆಂಜ್‌ನಲ್ಲಿ ಶುಲ್ಕ ಕಟ್ಟಿ ಪ್ರಯತ್ನಗಳನ್ನು ಕೊಳ್ಳಬಹುದು. ಒಂದೇ ಸರತಿಯಲ್ಲಿ ತಪ್ಪದೆ ಎಷ್ಟು ಚೆಂಡು ಹಾಕಿದಿರಿ ಎಂಬುದೇ ಅಂಕ, ಮೇಲಿನ ಎಂಟು ಮಂದಿ ನಾಕೌಟ್‌ಗೆ. ಹದಿನಾಲ್ಕು ಹಾಕಿ, ಕೊನೆಯ ಒಂದನ್ನು ಬಿಟ್ಟು, ಹದಿನಾಲ್ಕನ್ನು ಮತ್ತೆ ಜೋಡಿಸಿ, ಆ ಒಂದನ್ನು ಹಾಕುವಾಗಲೇ ರಾಶಿ ಒಡೆಯಬೇಕು. ಓಟ ನಿಲ್ಲುವುದು ಬಹುತೇಕ ಅಲ್ಲೇ, ಕ್ಯೂ ಬಾಲ್ ರಾಶಿಯೊಳಗೆ ಹೂತುಕೊಂಡಾಗ. ಅಮೆರಿಕದ ದಿಗ್ಗಜ ವಿಲ್ಲಿ ಮಸ್ಕೋನಿ 1954ರಲ್ಲಿ 526 ಚೆಂಡು ಹಾಕಿದ್ದು ಇದೇ ಆಟದಲ್ಲಿ, ಪಕ್ಕದ ಓಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಎಂಟು ಅಡಿಯ ಟೇಬಲಿನ ಮೇಲೆ.

ಇನ್ನೊಂದು ಕಡೆ ಬಿಗ್‌ಫುಟ್ ಟೆನ್-ಬಾಲ್. ಆಹ್ವಾನಿತ ಹದಿನಾರು ಮಂದಿ ಹತ್ತು ಅಡಿಯ ಟೇಬಲಿನಲ್ಲಿ, 112 ಇಂಚಿಗೆ 56 ಇಂಚಿನ ಜಾಗದಲ್ಲಿ ಆಡುತ್ತಾರೆ. ಆರಂಕಿ ಬಹುಮಾನಗಳಿಗೆ ಆಡಿದವರು ಕೂಡ ಇಲ್ಲಿ ಸುಲಭದ ಚೆಂಡು ತಪ್ಪುವುದನ್ನು ಕಾಣಬಹುದು. ಹನ್ನೆರಡು ಇಂಚಿನ ಹೆಚ್ಚುವರಿ ಉದ್ದ ಕ್ಯೂ ಬಾಲನ್ನು ಪ್ರತಿ ಸಲ ಸ್ವಲ್ಪ ಹಿಂದೆಯೇ ನಿಲ್ಲಿಸಿ, ಮುಂದಿನ ಕೋನವನ್ನು ಕೆಡಿಸುತ್ತದೆ.

ಬುಧವಾರ, ಗುರುವಾರ: ನೈನ್-ಬಾಲ್

ಈಗ ಜನ ಹೆಚ್ಚು, ಟೇಬಲ್ ಕಡಿಮೆ. ನೈನ್-ಬಾಲ್‌ಗೆ ಅಂತಲೇ ಬರುವವರು ಇವತ್ತು ಇಳಿಯುತ್ತಾರೆ. ಆಟ ಎಲ್ಲರಿಗೂ ಗೊತ್ತಿರುವುದೇ: ಟೇಬಲಿನಲ್ಲಿರುವ ಅತಿ ಕಡಿಮೆ ಸಂಖ್ಯೆಯ ಚೆಂಡಿಗೆ ಮೊದಲು ತಾಗಬೇಕು, ಒಂಬತ್ತನ್ನು ಹಾಕಿದವರಿಗೆ ಗೇಮ್. ಗಮನ ಕೊಡಬೇಕಾದದ್ದು ಬ್ರೇಕ್‌ಗೆ. ರ್ಯಾಕ್, ಅಂದರೆ ಜೋಡಿಸಿಟ್ಟ ಚೆಂಡುಗಳ ರಾಶಿ, ಒತ್ತಾಗಿದ್ದರೆ ಅಂಚಿನ ಚೆಂಡು ತಾನಾಗಿ ಮೂಲೆಗೆ ಹೋಗುತ್ತದೆ, ಒಂದನೇ ಚೆಂಡು ಮಧ್ಯದ ಪಾಕೆಟ್ ಕಡೆ ತಿರುಗುತ್ತದೆ. ಒಂದು ಕೂದಲಿನ ಸಂದು ಉಳಿದರೆ ಎರಡೂ ಇಲ್ಲ. ಅದಕ್ಕೇ ಮುಂದಿನ ನಾಲ್ಕು ಚೆಂಡು ಒಂದಕ್ಕೊಂದು ತಾಗಿವೆಯೇ ಎಂದು ಬಗ್ಗಿ ನೋಡುವುದು. ದೊಡ್ಡ ಪಂದ್ಯಾವಳಿಗಳಲ್ಲಿ ಒಂದನೇ ಚೆಂಡಿನ ಬದಲು ಒಂಬತ್ತನ್ನು ಸ್ಪಾಟ್ ಮೇಲಿಡುವ ಪದ್ಧತಿ ಬಂದದ್ದು ಈ ಪುಕ್ಕಟೆ ಅಂಚಿನ ಚೆಂಡನ್ನು ತಪ್ಪಿಸಲು. ರ್ಯಾಕ್ ಮುಂದೆ ಸರಿದರೆ ಅದರ ದಾರಿ ಮೂಲೆಯನ್ನು ಬಿಟ್ಟು ರೈಲ್‌ಗೆ ಬಡಿಯುತ್ತದೆ.

ಬ್ರೇಕ್ ಕೆಟ್ಟಾಗ ಎಲ್ಲರೂ ಮಾಡುವ ತಪ್ಪು ಇನ್ನೂ ಜೋರು ಹೊಡೆಯುವುದು. ಒಂದನೇ ಚೆಂಡಿಗೆ ತುಂಬಾಗಿ ತಾಗದಿದ್ದರೆ ಬಲವೆಲ್ಲ ಕ್ಯೂ ಬಾಲ್‌ಗೇ ಉಳಿದು ಅದು ಪಾಕೆಟ್ ಹುಡುಕಿಕೊಂಡು ಓಡುತ್ತದೆ. ಬಲ ಕಾಲು ಭಾಗ ಇಳಿಸಿ, ಕ್ಯೂ ಬಾಲ್ ಟೇಬಲ್ ನಡುವೆ ಕೂರುವ ತನಕ ಗುರಿ ಸರಿಪಡಿಸಿಕೊಳ್ಳಿ.

ಇನ್ನೊಂದು ಕಾಟ ಅಂಟು. ವಾರದ ನಡುವೆ ಚೆಂಡುಗಳ ಮೇಲೆ ಚಾಕ್ ಕಲೆ ಕೂತಿರುತ್ತದೆ. ಎರಡು ಚೆಂಡು ತಾಗುವ ಜಾಗದಲ್ಲೇ ಆ ಕಲೆ ಬಿದ್ದರೆ ಕ್ಷಣಮಾತ್ರ ಕಚ್ಚಿಕೊಂಡು, ಕಟ್ ದಪ್ಪವಾಗಿ ಚೆಂಡು ಪಾಕೆಟ್‌ಗೆ ಒಂದಿಂಚು ಮೊದಲೇ ರೈಲ್ ಹಿಡಿಯುತ್ತದೆ. ಒದ್ದೆಯಿಲ್ಲದ ಮೈಕ್ರೋಫೈಬರ್ ಬಟ್ಟೆಯಿಂದ ರ್ಯಾಕ್ ಜೋಡಿಸುವಾಗಲೇ ಒರೆಸಿಬಿಡಿ.

ಶುಕ್ರವಾರ

ಮೂರೂ ಆಟಗಳ ಅಂಕ ಕೂಡಿಸಿ ಕೊಡುವ 'ಮಾಸ್ಟರ್ ಆಫ್ ದಿ ಟೇಬಲ್' ಪಟ್ಟಿ ಇವತ್ತಿಗೆ ಒಂದು ರೂಪ ಪಡೆಯುತ್ತದೆ. ನನ್ನ ಲೆಕ್ಕದಲ್ಲಿ ಇಲ್ಲಿಯ ದೊಡ್ಡ ಪ್ರಶಸ್ತಿ ಅದೇ. ನೈನ್-ಬಾಲ್‌ನಲ್ಲಿ ಒಳ್ಳೆಯ ಬ್ರೇಕ್ ಇರುವವರು ನಾಲ್ಕು ದಿನ ಮೆರೆಯಬಹುದು, ಆದರೆ ಬ್ಯಾಂಕ್ಸ್‌ನ ಕಣ್ಣೂ ಒನ್ ಪಾಕೆಟ್‌ನ ತಾಳ್ಮೆಯೂ ಒಬ್ಬರಲ್ಲೇ ಸಿಗುವುದು ಅಪರೂಪ. ಕೆಂಟಕಿಯ ಓವೆನ್ಸ್‌ಬರೋದ ನಿಕ್ ವಾರ್ನರ್ ಆ ಜಾತಿಯವರು, ರೇಯೆಸ್ ಕೂಡ.

ಸೋತು ಹೊರಬಿದ್ದವರ ಆಟ ರಾತ್ರಿ ಶುರು. ದುಡ್ಡಿನ ಪಂದ್ಯಗಳು, ಹ್ಯಾಂಡಿಕ್ಯಾಪ್‌ನ (ದುರ್ಬಲ ಆಟಗಾರರಿಗೆ ಬಿಟ್ಟುಕೊಡುವ ಮುನ್ನಡೆಯ) ಚೌಕಾಸಿ, ಸುತ್ತ ಕುರ್ಚಿ ಹಾಕಿಕೊಂಡ ಹಿರಿಯರು. ನೋಡಿ, ಮಾತಾಡಬೇಡಿ. ಹೊಡೆತಕ್ಕೆ ಬಗ್ಗಿದವರ ಕಣ್ಣೆದುರು ಅಲುಗಾಡುವುದು, ಯಾವ ಹೊಡೆತ ಸರಿ ಅಂತ ಪಕ್ಕದವರಿಗೆ ಪಿಸುಗುಡುವುದು ಜಗಳಕ್ಕೆ ಸಾಕು. ಅಪರಿಚಿತರು ಆಡೋಣವೇ ಅಂತ ಕೇಳಿದರೆ, ಅವರಿಗೆ ನಿಮ್ಮ ಆಟ ಗೊತ್ತಿದೆ, ನಿಮಗೆ ಅವರದು ಗೊತ್ತಿಲ್ಲ ಎಂದೇ ಇಟ್ಟುಕೊಳ್ಳಿ.

ಶನಿವಾರ: ಫೈನಲ್

ಪೂಲ್ ವಿಡಿಯೊ ಸಂಸ್ಥೆ ಅಕ್ಯು-ಸ್ಟ್ಯಾಟ್ಸ್‌ನವರು ವರ್ಷಗಟ್ಟಲೆ ಇಲ್ಲಿನ ಮುಖ್ಯ ಪಂದ್ಯಗಳನ್ನು ಕ್ಯಾಮೆರಾ ಅಖಾಡದಲ್ಲಿ ಚಿತ್ರೀಕರಿಸಿದ್ದಾರೆ. ಅಲ್ಲಿ ಕೂತರೆ ಬೆಳಕು, ಸದ್ದಿಲ್ಲದ ಸಭೆ, ವೀಕ್ಷಕ ವಿವರಣೆ ಎಲ್ಲ ಸಿಗುತ್ತದೆ. ಫೈನಲ್ ಚೆನ್ನಾಗಿಯೇ ಇರುತ್ತದೆ. ಆದರೂ ರಜೆ ಕಡಿಮೆ ಇದ್ದು ಒಂಬತ್ತರಲ್ಲಿ ನಾಲ್ಕೇ ದಿನ ಆರಿಸಬೇಕಾದರೆ ಮೊದಲ ನಾಲ್ಕನ್ನು ಆರಿಸಿ. ನೈನ್-ಬಾಲ್ ಫೈನಲ್ ಮನೆಯಲ್ಲೂ ನೋಡಬಹುದು. ಪಕ್ಕಪಕ್ಕದ ಹತ್ತಾರು ಟೇಬಲ್‌ಗಳಲ್ಲಿ ಏಕಕಾಲಕ್ಕೆ ಬ್ಯಾಂಕ್ಸ್, ಒನ್ ಪಾಕೆಟ್ ನಡೆಯುವುದು, ಮೂರಡಿ ದೂರದಲ್ಲಿ ನಿಂತು ನೋಡಲು ಸಿಗುವುದು ಜಗತ್ತಿನಲ್ಲಿ ಬೇರೆಲ್ಲೂ ಕಷ್ಟ.

ಭಾನುವಾರ: ವಾಪಸ್

ಬೆಳಗಿನ ವಿಮಾನ ಬುಕ್ ಮಾಡಬೇಡಿ, ಕೊನೆಯ ರಾತ್ರಿ ಎಲ್ಲವೂ ತಡ. ಮಧ್ಯಾಹ್ನದ್ದಾದರೆ ದಾರಿಯಲ್ಲಿ ಲೂಯಿವಿಲ್ ಸ್ಲಗ್ಗರ್ ಬೇಸ್‌ಬಾಲ್ ಬ್ಯಾಟ್ ಕಾರ್ಖಾನೆಯ ಮ್ಯೂಸಿಯಂಗೂ ಸಮಯ ಸಿಗುತ್ತದೆ, ಮೇಪಲ್ ಮರ ಕಡೆಯುವುದನ್ನು ಕ್ಯೂ ಹಿಡಿದವರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಬಹುಮಾನ ಗೆದ್ದವರು ಒಂದು ವಿಷಯ ತಿಳಿದಿರಲಿ: ಅಮೆರಿಕದ ನಿವಾಸಿಗಳಲ್ಲದವರ ಗೆಲುವಿನಿಂದ ಸಾಮಾನ್ಯವಾಗಿ ಶೇ. 30 ತೆರಿಗೆ ಕಡಿದೇ ಕೈಗೆ ಕೊಡುತ್ತಾರೆ. ಆ ಕಡಿತದ ಕಾಗದವನ್ನು ಜೋಪಾನವಾಗಿಡಿ, ಊರಿಗೆ ಬಂದು ರಿಟರ್ನ್ ಸಲ್ಲಿಸುವಾಗ ಲೆಕ್ಕ ಪರಿಶೋಧಕರು ಮೊದಲು ಕೇಳುವುದು ಅದನ್ನೇ.